ಟ್ರಾಯ್‌ನಲ್ಲಿ ಹಿಡಿದ ಚೆಂಡು

ಚೆಂಡು ನನ್ನ ಕಡೆ ಬಂತು, ನಾನು ಹಿಡಿದುಕೊಂಡೆ.

ಎರಡೂ ಕೈಯಲ್ಲಿ, ಎದೆಯ ಮಟ್ಟದಲ್ಲಿ, ಚೊಕ್ಕವಾಗಿ. ಹಿಂದೆ ನಿಂತಿದ್ದ ನಮ್ಮವರು ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನೆಟ್ಟಿನ ಆ ಕಡೆ ಇದ್ದವರು ಮನಿಲಾದಿಂದ ಬಂದಿದ್ದ ವೃತ್ತಿಪರ ವಾಲಿಬಾಲ್ ತಂಡದ ಹುಡುಗಿಯರು. ಅವರು ಇದ್ದಲ್ಲೇ ನಿಂತುಬಿಟ್ಟರು. ಅವರ ಕೋಚ್ ಬಾಯಲ್ಲಿದ್ದ ಸೀಟಿಯನ್ನು ಊದಲಿಲ್ಲ, ತೆಗೆಯಲೂ ಇಲ್ಲ. ವಾಲಿಬಾಲಿನಲ್ಲಿ ಚೆಂಡನ್ನು ಹಿಡಿಯುವಂತಿಲ್ಲ. ಹಿಡಿದರೆ ಆ ಪಾಯಿಂಟ್ ಅಲ್ಲಿಗೆ ಮುಗಿಯಿತು. ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಹಿಡಿದೆ.

ಇಲ್ಲಿಂದ ಶುರು ಮಾಡಿದರೆ ಇದೊಂದು ತಮಾಷೆಯ ಪ್ರಸಂಗವಾಗುತ್ತದೆ. ನಮ್ಮ ಬಳಗದಲ್ಲಿ ಈಗಲೂ ಇದನ್ನು ಹೇಳುವುದು ಹೀಗೆಯೇ. ಪ್ರತಿಸಲ ಹೇಳುವಾಗಲೂ ಆ ಚೆಂಡು ಹಿಂದಿನ ಸಲಕ್ಕಿಂತ ಜೋರಾಗಿ ಬಂದಿರುತ್ತದೆ, ನಾನು ಇನ್ನೂ ಸೊಗಸಾಗಿ ಹಿಡಿದಿರುತ್ತೇನೆ. ಹೇಳಿ ಹೇಳಿ ನುಣುಪಾದ ನೆನಪುಗಳ ಮೇಲೆ ನನಗೆ ವಿಶ್ವಾಸ ಕಡಿಮೆ. ಆ ಬೆಳಿಗ್ಗೆ ನಿಜಕ್ಕೂ ಯಾರೂ ನಕ್ಕಿರಲಿಲ್ಲ. ಬದಿಯ ಬೆಂಚಿನ ಮೇಲೆ ಕೂತಿದ್ದ ನನ್ನ ಗೆಳತಿಯ ಮುಖ ನೋಡಿದ್ದರೆ ನೀವೂ ನಗುತ್ತಿರಲಿಲ್ಲ. ಹಾಗಾಗಿ ಮೊದಲು ಅವಳ ವಿಷಯ ಹೇಳಬೇಕು.

ಗೆಳತಿ ಫಿಲಿಪೀನ್ಸಿನವಳು. ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ, ಫಾರ್ಮಿಂಗ್ಟನ್ ಹಿಲ್ಸ್ ಕಡೆಯ ಒಂದು ಆಸ್ಪತ್ರೆಯಲ್ಲಿ ಅವಳು ಡಯಾಲಿಸಿಸ್ ನರ್ಸ್, ನಾನು ಅಲ್ಲಿನ ಲ್ಯಾಬಿನಲ್ಲಿ. ಹೆಪ್ಪುಗಟ್ಟಿದ ಒಂದು ರಕ್ತದ ಸ್ಯಾಂಪಲ್ಲಿನ ವಿಷಯಕ್ಕೆ ಫೋನಿನಲ್ಲಿ ಜಗಳವಾಡಿ ಪರಿಚಯವಾದವರು ನಾವು. ಆಮೇಲೆ ಕೆಫೆಟೇರಿಯಾದಲ್ಲಿ ಎದುರುಬದುರು ಸಿಕ್ಕಾಗ ಅವಳ ಡಬ್ಬಿಯಲ್ಲೂ ಅನ್ನವೇ ಇತ್ತು. ಸ್ನೇಹಕ್ಕೆ ಅಷ್ಟು ಸಾಕಾಯಿತು.

ಅವಳ ಒಬ್ಬಳೇ ಮಗಳು ಆ ತಂಡದ ಸೆಟ್ಟರ್. ಅಂದರೆ, ಹಿಂದಿನವರು ಹೇಗೋ ಎತ್ತಿದ ಚೆಂಡಿನ ಕೆಳಗೆ ಓಡಿಹೋಗಿ, ಅದನ್ನು ಬೆರಳತುದಿಯಲ್ಲಿ ತಿರುಗಿಸಿ, ಹೊಡೆಯುವವಳಿಗೆ ಬೇಕಾದ ಎತ್ತರಕ್ಕೆ ಎತ್ತಿಕೊಡುವವಳು. ಮಗಳು ಚಿಕ್ಕವಳಿದ್ದಾಗಲೇ ಗೆಳತಿ ಕೆಲಸಕ್ಕೆಂದು ಮೊದಲು ಗಲ್ಫಿಗೆ, ಆಮೇಲೆ ಇಲ್ಲಿಗೆ ಬಂದಿದ್ದಳು. ಹುಡುಗಿ ಬೆಳೆದದ್ದು ಅಜ್ಜಿಯ ಹತ್ತಿರ. ಇವಳು ರಜೆಗೆ ಊರಿಗೆ ಹೋದಾಗಲೆಲ್ಲ ಲೀಗ್ ಮುಗಿದಿರುತ್ತಿತ್ತು, ಇಲ್ಲವೇ ಶುರುವಾಗಿರುತ್ತಿರಲಿಲ್ಲ. ಹೀಗಾಗಿ ಮಗಳು ಆಡುವುದನ್ನು ಅವಳು ಫೋನಿನ ಪರದೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಅಲ್ಲಿ ಸಂಜೆಯ ಮ್ಯಾಚ್ ಇಲ್ಲಿ ಬೆಳಗಿನ ಶಿಫ್ಟಿಗೆ ಸ್ವಲ್ಪ ಮುಂಚೆ. ಪಾರ್ಕಿಂಗ್ ಲಾಟಿನಲ್ಲಿ ಅವಳ ಕಾರಿನಲ್ಲಿ ಕೂತು, ಹೀಟರ್ ಹಾಕಿಕೊಂಡು, ನಾನೂ ಎಷ್ಟೋ ಸಲ ನೋಡಿದ್ದೇನೆ. ನನಗೆ ವಾಲಿಬಾಲ್ ಗೊತ್ತಿರುವುದು ಅಷ್ಟೇ ದೊಡ್ಡದಾಗಿ: ಅಂಗೈ ಅಗಲ.

ಹಿಂದಿನ ಸೀಸನ್ನಿನಲ್ಲಿ ಹುಡುಗಿಯ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ಅಲ್ಲಿಂದ ಬೆಂಚಿನ ಮೇಲೇ ಇದ್ದಳು. ಆಗ ಈ ಪ್ರವಾಸ ಬಂತು. ಶಿಕಾಗೋ ಕಡೆಯ ಫಿಲಿಪಿನೋ ಹುಡುಗಿಯರ ತಂಡದ ಜೊತೆ ಇಟಾಸ್ಕಾದ ಹತ್ತಿರ ಒಂದು ಶನಿವಾರ ಪ್ರದರ್ಶನ ಪಂದ್ಯ. ಅದಕ್ಕೆ ಮುಂಚೆ ಕೆಲವು ದಿನ ಡೆಟ್ರಾಯ್ಟ್ ಕಡೆಯ ಫಿಲಿಪಿನೋ ಸಂಘದವರ ಮನೆಗಳಲ್ಲಿ ಆತಿಥ್ಯ. ಕೋಚ್ ಹುಡುಗಿಗೆ ಮಾತು ಕೊಟ್ಟಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಎದುರಾಳಿಗಳನ್ನಿಟ್ಟು ಆಡಿಸಿ ನೋಡುತ್ತೇನೆ, ಮೊಣಕಾಲು ತಡೆದರೆ ಶನಿವಾರ ಇಳಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದರಂತೆ. ಪಂದ್ಯ ಮುಗಿದ ಮರುದಿನವೇ ತಂಡಕ್ಕೆ ವಿಮಾನ. ಗೆಳತಿ ಶಿಫ್ಟ್ ಬದಲಿಸಿಕೊಂಡು ಶನಿವಾರ ಖಾಲಿ ಮಾಡಿಟ್ಟಿದ್ದಳು. ಬೇರೆ ಏನನ್ನೂ ಅವಳು ಕೇಳಲಿಲ್ಲ. ಒಂದು ಸಲ, ಎದುರಿಗೆ ಕೂತು ಮಗಳ ಆಟ ನೋಡಬೇಕು, ಅಷ್ಟೇ.

ತೊಂದರೆಯಾದದ್ದು ಎದುರಾಳಿಗಳ ವಿಷಯದಲ್ಲಿ. ವೀಸಾ ತಡವಾಗಿ ತಂಡದಲ್ಲಿ ಹತ್ತೇ ಮಂದಿ ಬಂದಿದ್ದರು; ತಮ್ಮೊಳಗೇ ಆರಾರು ಜನರ ಎರಡು ಗುಂಪು ಮಾಡಿಕೊಂಡು ಆಡಲು ಜನ ಸಾಲದು. ಪಂದ್ಯಕ್ಕೆ ಮುಂಚಿನ ಭಾನುವಾರ ಎದುರಾಡಲು ಬರುತ್ತೇವೆಂದಿದ್ದ ಇಲ್ಲಿನ ಫಿಲಿಪಿನೋ ತಂಡದಲ್ಲಿ ಎಲ್ಲರೂ ನರ್ಸುಗಳೇ, ಅವರಿಗೆ ಅವತ್ತು ಡ್ಯೂಟಿ. ಆಗ ಗೆಳತಿ ಕೋಚ್‌ಗೆ ಹೇಳಿದಳು: ನನ್ನ ಇಂಡಿಯನ್ ಫ್ರೆಂಡ್‌ದು ಒಂದು ಟೀಮ್ ಇದೆ, ಪ್ರತಿ ಭಾನುವಾರ ಟ್ರಾಯ್‌ನಲ್ಲಿ ವಾಲಿಬಾಲ್ ಆಡ್ತಾರೆ.

ನಾವು ಆಡುವುದು ವಾಲಿಬಾಲ್ ಅಲ್ಲ, ಥ್ರೋಬಾಲ್. ಕರ್ನಾಟಕದ ಶಾಲೆಗಳಲ್ಲಿ ಓದಿದ ಹೆಂಗಸರಿಗೆ ನಾನು ವಿವರಿಸಬೇಕಾಗಿಲ್ಲ: ಮೈದಾನದಲ್ಲಿ ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್. ಅದೇ ತರಹದ ನೆಟ್, ಹೆಚ್ಚುಕಡಿಮೆ ಅದೇ ಚೆಂಡು. ಆದರೆ ಹೊಡೆಯುವಂತಿಲ್ಲ. ಎರಡೂ ಕೈಯಲ್ಲಿ ಹಿಡಿಯಬೇಕು, ಹಿಡಿದ ತಕ್ಷಣ ಒಂದೇ ಕೈಯಲ್ಲಿ, ಭುಜದ ಮೇಲಿಂದ, ಎದುರಿನವರ ಖಾಲಿ ಜಾಗ ನೋಡಿ ಎಸೆಯಬೇಕು. ಟ್ರಾಯ್‌ನಲ್ಲಿ ಬಾಡಿಗೆಗೆ ಹಿಡಿದ ಜಿಮ್ಮಿನಲ್ಲಿ ನಾವೊಂದಿಷ್ಟು ಹೆಂಗಸರು ಭಾನುವಾರ ಬೆಳಿಗ್ಗೆ ಇದನ್ನು ಬಹಳ ವರ್ಷಗಳಿಂದ ಆಡುತ್ತಿದ್ದೇವೆ. ಇಲ್ಲಿನವರಿಗೆ ಥ್ರೋಬಾಲ್ ಎಂದರೆ ಏನೆಂದು ಗೊತ್ತಿಲ್ಲ. ವಿವರಿಸಿ ವಿವರಿಸಿ ಸಾಕಾಗಿ, ಆಫೀಸಿನಲ್ಲಿ ಯಾರು ಕೇಳಿದರೂ ವಾಲಿಬಾಲ್ ಆಡುತ್ತೇವೆ ಎಂದುಬಿಡುವುದು ನಮ್ಮ ಬಳಗದ ರೂಢಿ. ಗೆಳತಿಗೂ ನಾನು ಹಾಗೇ ಹೇಳಿದ್ದೆ.

ಅವಳು ಕೇಳಿದಾಗಲಾದರೂ ನಿಜ ಹೇಳಬಹುದಿತ್ತಲ್ಲ ಎಂದು ನನ್ನ ಮಗಳು ಆಮೇಲೆ ಕೇಳಿದಳು. ಹೇಳಬೇಕೆಂದೇ ವಾಟ್ಸಾಪ್ ಗುಂಪಿನಲ್ಲಿ ವಿಷಯ ಹಾಕಿದ್ದೆ. ಅಲ್ಲಿ ಯಾರಿಗೂ ಇದೊಂದು ಸಮಸ್ಯೆ ಅನ್ನಿಸಲೇ ಇಲ್ಲ. ನೆಟ್ ಅದೇ, ಚೆಂಡು ಅದೇ, ಹಿಡಿಯುವ ಬದಲು ಹೊಡೆದರಾಯಿತು ಎಂದು ತೀರ್ಮಾನವಾಯಿತು. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಕೈಯವರು ಹುಬ್ಬಳ್ಳಿ ಕಡೆಯ ಮಕ್ಕಳ ಡಾಕ್ಟರ್. ಅವರು ಮನೆಯ ಬೇಸ್‌ಮೆಂಟಿನಲ್ಲಿ ಬಲೂನು ಹೊಡೆದು ಪ್ರಾಕ್ಟೀಸ್ ಮಾಡಿದ ವಿಡಿಯೋ ಕಳಿಸಿದರು. ಧೈರ್ಯ ಬಂತು.

ಮತ್ತೆ ಜಿಮ್ಮಿಗೆ ಬರುತ್ತೇನೆ. ನಾನು ಚೆಂಡು ಹಿಡಿದೆ. ಕ್ಷಮಿಸಿ ಎಂದು ಹೇಳಿ ವಾಪಸು ಕೊಟ್ಟೆ. ಮುಂದಿನ ಸರ್ವಿಸ್ ನನ್ನ ಪಕ್ಕದವರಿಗೆ ಬಂತು, ಅವರೂ ಹಿಡಿದರು. ಆಮೇಲಿನದ್ದು ಮೂಲೆಯಲ್ಲಿದ್ದವರಿಗೆ. ಅವರು ಹಿಡಿಯಬಾರದೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಚೆಂಡು ಭುಜಕ್ಕೆ ಬಿತ್ತು. ಶಾಲೆಯ ಮೈದಾನದಲ್ಲಿ ಚೆಂಡು ಬಿಟ್ಟರೆ ಪಿ.ಟಿ. ಮೇಡಂ ಬೈದದ್ದು ಮೈಯೊಳಗೆ ಎಲ್ಲಿ ಕೂತಿರುತ್ತದೋ. ಬಲೂನು ಹೊಡೆದಿದ್ದ ಡಾಕ್ಟರ್ ಸಹ ಹಿಡಿದುಕೊಂಡೇ ನಿಂತರು.

"ಏನ್ರೀ ಇದು, ಬಂದ ಚೆಂಡ ಹಿಡೀದಂಗ ಹೆಂಗ ಬಿಡೂದು?" ಎಂದರು ನನ್ನ ಕಡೆ ತಿರುಗಿ.

ಕೋಚ್ ಗೆಳತಿಯ ಹತ್ತಿರ ಹೋಗಿ ಏನೋ ಕೇಳಿದರು. ಅವರ ಭಾಷೆ ನನಗೆ ತಿಳಿಯದು, ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪರವಾಗಿರಲಿಲ್ಲ. ಸೌಜನ್ಯದಿಂದ ಕೇಳುತ್ತಿದ್ದರು, ಅವಳು ಸೌಜನ್ಯದಿಂದ ತಲೆ ತಗ್ಗಿಸಿದ್ದಳು. ಮಗಳು ನೆಟ್ಟಿನ ಹತ್ತಿರ ಮೊಣಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತ ಯಾರನ್ನೂ ನೋಡುತ್ತಿರಲಿಲ್ಲ. ಎದುರಾಳಿಗಳಿಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಶನಿವಾರವಿಲ್ಲ. ಜಿಮ್ಮಿನಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

ಇಷ್ಟರಲ್ಲಿ ಡಾಕ್ಟರಿಗೆ ಕೈಯಲ್ಲಿದ್ದ ಚೆಂಡು ಬೇಸರ ತರಿಸಿರಬೇಕು. ತಮ್ಮ ಅಭ್ಯಾಸದಂತೆ ಭುಜದ ಮೇಲಿಂದ ಬೀಸಿ ಎಸೆದರು, ಆ ಕಡೆಯ ಹಿಂದಿನ ಮೂಲೆಗೆ. ಅಲ್ಲಿ ನಿಂತಿದ್ದ ಹುಡುಗಿ ಯೋಚಿಸದೆ ಮುಂದಕ್ಕೆ ಬಿದ್ದು ಚೆಂಡನ್ನು ಎತ್ತಿದಳು. ಅದು ಸೊಟ್ಟಗೆ ಹಾರಿತು. ಗೆಳತಿಯ ಮಗಳು ಓಡಿ, ಅದರ ಕೆಳಗೆ ಹೋಗಿ, ಎತ್ತಿಕೊಟ್ಟಳು. ಮತ್ತೊಬ್ಬಳು ಹಾರಿ ಹೊಡೆದಳು. ಚೆಂಡು ನಮ್ಮ ಕಡೆಯ ನೆಲಕ್ಕೆ ಬಡಿದ ಸದ್ದಿಗೆ ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು.

ಕೋಚ್ ಆಗ ಸೀಟಿಯನ್ನು ಬಾಯಿಂದ ತೆಗೆದರು. ಡಾಕ್ಟರನ್ನು ನೋಡಿ ಇಂಗ್ಲಿಷಿನಲ್ಲಿ, "ಇನ್ನೊಂದ್ಸಲ ಹಾಗೇ ಹಾಕಿ, ಮೇಡಂ" ಎಂದರು.

ಆಮೇಲೆ ನಡೆದದ್ದು ವಾಲಿಬಾಲೂ ಅಲ್ಲ, ಥ್ರೋಬಾಲೂ ಅಲ್ಲ. ನಾವು ಹಿಡಿದೆವು, ಎಸೆದೆವು. ಅವರು ಎತ್ತಿದರು, ಹೊಡೆದರು. ಆ ಹೊಡೆತಗಳನ್ನು ಹಿಡಿಯುವ ಪ್ರಯತ್ನವನ್ನು ನಾವು ಬೇಗನೆ ಕೈಬಿಟ್ಟೆವು. ಎಲ್ಲಿ ಎಸೆಯಬೇಕೆಂದು ಕೋಚ್ ಬೆರಳು ತೋರಿಸುತ್ತಿದ್ದರು: ಬಲಮೂಲೆ, ನೆಟ್ಟಿನ ಬುಡ, ಇಬ್ಬರ ನಡುವೆ. ಖಾಲಿ ಜಾಗಕ್ಕೆ ಎಸೆಯುವುದೊಂದು ಮಾತ್ರ ನಮಗೆ ಬರುವ ವಿದ್ಯೆ. ಮಧ್ಯದಲ್ಲಿ ಗೆಳತಿಯ ಮಗಳು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಓಡುತ್ತಿದ್ದಳು. ನಾನು ಸ್ವಲ್ಪ ಹೊತ್ತಿಗೇ ಏದುಸಿರು ಬಿಡುತ್ತ ನೀರು ಕುಡಿಯಲು ಬದಿಗೆ ಬಂದೆ.

ಗೆಳತಿ ಎದ್ದು ಬಂದು ನನ್ನ ತೋಳು ಹಿಡಿದಳು. ಅವಳು ನನ್ನನ್ನು ಕರೆಯುವುದು ಸಿಸ್ ಎಂದು.

"ಸಿಸ್, ಅಷ್ಟು ದೂರ ಬೇಡ. ಅವಳ ಹತ್ತಿರಕ್ಕೆ ಹಾಕೋದಕ್ಕೆ ಹೇಳು."

ಯಾಕೆ ಎಂದು ನಾನು ಕೇಳಲಿಲ್ಲ. ಮೊಣಕಾಲು ಸುರಕ್ಷಿತವಾಗಿರಬೇಕು, ಕೋಚ್‌ಗೆ ಅದು ತಡೆಯುತ್ತದೆ ಎಂದೂ ಕಾಣಬೇಕು. ಎರಡೂ ಒಟ್ಟಿಗೆ ಬೇಕು ಅವಳಿಗೆ. ನನಗಾದರೂ ಬೇಕಾಗುತ್ತಿತ್ತು.

ಕನ್ನಡದ ಒಂದು ಅನುಕೂಲವೆಂದರೆ ಅಂಥ ಜಾಗದಲ್ಲಿ ಗುಟ್ಟನ್ನು ಗಟ್ಟಿಯಾಗಿ ಕೂಗಿ ಹೇಳಬಹುದು. ಕೋರ್ಟಿಗೆ ಹೋಗುತ್ತ ಕೂಗಿದೆ: "ಡಾಕ್ಟ್ರೇ, ಸ್ವಲ್ಪ ಆ ಹುಡುಗಿ ಹತ್ರಾನೇ ಹಾಕಿ. ಅವಳಮ್ಮ ಕೇಳ್ತಿದಾಳೆ."

"ಅವ್ವಗ ಕರುಣಾ ಇರ್ಲಿ, ತಪ್ಪಲ್ಲ," ಎಂದರು ಡಾಕ್ಟರ್, ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತ. "ನನಗ ಆಕಿ ಎದುರಿನ ಪಾರ್ಟಿ." ಎಂದಿನಂತೆ ಮೂಲೆಗೇ ಹಾಕಿದರು.

ನನ್ನ ಸರದಿ ಬಂದಾಗ ನಾನು ಹತ್ತಿರಕ್ಕೆ ಹಾಕಿದೆ. ಎರಡನೆಯದನ್ನೂ ಹಾಗೇ. ಹಿಂದಿನವರು ಸಲೀಸಾಗಿ ಎತ್ತಿಕೊಟ್ಟರು, ಹುಡುಗಿ ನಿಂತಲ್ಲಿಂದ ಅಲ್ಲಾಡಬೇಕಾಗಿರಲಿಲ್ಲ. ಮೂರನೆಯದನ್ನು ಅವಳು ಎತ್ತಿಕೊಡಲಿಲ್ಲ. ಹಿಡಿದುಕೊಂಡಳು. ಅದನ್ನು ಕಂಕುಳಲ್ಲಿಟ್ಟುಕೊಂಡು ನೆಟ್ಟಿನ ಹತ್ತಿರ ಬಂದಳು. ಆ ತಂಡದ ಹುಡುಗಿಯರು ನಮ್ಮನ್ನೆಲ್ಲ ತೀತಾ ಎನ್ನುತ್ತಿದ್ದರು. ನಮ್ಮ ಮಕ್ಕಳು ಆಂಟಿ ಅಂದ ಹಾಗೆ.

"ತೀತಾ, ನೀವು ನಮ್ಮಮ್ಮನ ಮಾತು ಕೇಳ್ತಿದೀರಿ ಅಲ್ವಾ?"

ನಾನು ಚೆಂಡಿಗೆ ಕೈ ಚಾಚಿದೆ.

"ಶನಿವಾರ ಯಾರೂ ನನ್ನ ಹತ್ತಿರಕ್ಕೆ ಹಾಕಲ್ಲ," ಎಂದಳು. ಚೆಂಡನ್ನು ನೆಟ್ಟಿನ ಕೆಳಗಿಂದ ನನ್ನ ಕಡೆ ಉರುಳಿಸಿದಳು.

ಅದು ಇಂಗ್ಲಿಷಿನಲ್ಲಿ ಆಡಿದ ಮಾತು. ನಾನಿಲ್ಲಿ ಕನ್ನಡದಲ್ಲಿ ಬರೆದಾಗ ಸ್ವಲ್ಪ ಮೃದುವಾಗಿದೆ ಅನ್ನಿಸುತ್ತಿದೆ. ಅವಳ ದನಿ ಮೃದುವಾಗಿರಲಿಲ್ಲ, ಒರಟೂ ಆಗಿರಲಿಲ್ಲ. ಕೆಲಸದ ದನಿ. ಸ್ಯಾಂಪಲ್ ಕೆಟ್ಟಿದೆ, ಇನ್ನೊಂದು ಕಳಿಸಿ ಎಂದು ನಾನು ಫೋನಿನಲ್ಲಿ ಅವಳಮ್ಮನಿಗೆ ಹೇಳುವಾಗಿನ ದನಿ.

ಚೆಂಡನ್ನು ಎತ್ತಿಕೊಂಡೆ. ಗೆಳತಿಯ ಕಡೆ ನೋಡಬಾರದೆಂದು ನಿರ್ಧರಿಸಿ, ನೋಡಿದೆ. ಅವಳು ಗೋಡೆಯ ಮೇಲೆ ಆರಿಹೋಗಿದ್ದ ಸ್ಕೋರ್‌ಬೋರ್ಡನ್ನು ಓದುತ್ತಿದ್ದಳು. ನಾನು ಕೈಗೆ ಬಂದಷ್ಟು ಬಿರುಸಾಗಿ ಬಲಗಡೆಯ ಗೆರೆಯ ಮೇಲೆ ಎಸೆದೆ. ಹಿಂದಿನವಳು ಎತ್ತಿದ್ದು ಕೋರ್ಟಿನ ಹೊರಗೇ ಹೋಯಿತು. ಹುಡುಗಿ ಅದರ ಹಿಂದೆ ಓಡಿದಳು. ಆಪರೇಷನ್ ಆದ ಕಾಲನ್ನೇ ನೆಲಕ್ಕೆ ಊರಿ, ಅದರ ಮೇಲೇ ತಿರುಗಿ, ಬೆನ್ನ ಹಿಂದಕ್ಕೆ ಚೆಂಡನ್ನು ಎತ್ತಿಕೊಟ್ಟು, ಕೆಳಗೆ ಬಿದ್ದಳು. ಹೊಡೆತವನ್ನು ಯಾರೂ ನೋಡಲಿಲ್ಲ. ಅವಳು ಎದ್ದಳು. ಅಂಗೈಯ ಧೂಳು ಒರೆಸಿಕೊಂಡು ತನ್ನ ಜಾಗಕ್ಕೆ ಬಂದು, ನನ್ನ ಕಡೆ ಗಲ್ಲ ಎತ್ತಿದಳು: ಇನ್ನೊಂದು.

"ಶಾಣ್ಯಾಕಿ ಅದಾಳ," ಎಂದರು ಡಾಕ್ಟರ್.

ಹಾಗೇ ನಮ್ಮ ತೋಳುಗಳು ಸೋಲುವವರೆಗೂ ನಡೆಯಿತು. ಕೊನೆಗೆ ಕೋಚ್ ಅವಳಿಗೆ ಎರಡು ಮಾತು ಹೇಳಿದರು. ಶನಿವಾರ ಡ್ರೆಸ್ ಹಾಕಿಕೊಂಡು ಬಾ, ನೋಡೋಣ ಎಂದರಂತೆ. ಆಗುತ್ತದೆ ಎಂದೂ ಅಲ್ಲ, ಇಲ್ಲವೆಂದೂ ಅಲ್ಲ. ಆಮೇಲೆ ಜಿಮ್ಮಿನ ಹೊರಗೆ ಕಾರುಗಳ ಡಿಕ್ಕಿ ತೆಗೆದು ಊಟ. ನಮ್ಮ ಚಿತ್ರಾನ್ನ, ಗೆಳತಿ ತಂದಿದ್ದ ಸೇವಿಗೆ. ಇವರ ಜೊತೆ ವಾಲಿಬಾಲ್ ಆಡಿದ್ದೇವೆಂದು ನಾಳೆ ಎಲ್ಲರಿಗೂ ಹೇಳಬಹುದಲ್ಲ ಎಂದು ನಮ್ಮಲ್ಲೊಬ್ಬರು ಅಂದಾಗ, ಮೊದಲ ಸಲ ಎಲ್ಲರೂ ನಕ್ಕಿದ್ದು. ನಗು ಇಲ್ಲಿಯದು. ಹೇಳುವಾಗ ನಾವು ಅದನ್ನು ಮುಂಚೆಗೇ ತಂದುಬಿಟ್ಟಿದ್ದೇವೆ.

ಶನಿವಾರ ಇಟಾಸ್ಕಾಗೆ ಡ್ರೈವ್ ಮಾಡಿದವಳು ನನ್ನ ಮಗಳು. ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಗೆಳತಿ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಮಿಷಿಗನ್ ದಾಟಿದ ಮೇಲೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅದು ನಮಗೆಲ್ಲ ಗೊತ್ತಿದ್ದರೂ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಲ್ ಬಾಗಿಲು ತೆಗೆಯುವ ಮುಂಚೆಯೇ ತಲುಪಿ, ಹೋಟೆಲುಗಳ ನಡುವಿನ ಪಾರ್ಕಿಂಗಿನಲ್ಲಿ ಕಾಯುತ್ತ ಕೂತೆವು. ದಾರಿಯುದ್ದಕ್ಕೂ ಗೆಳತಿ ತನ್ನ ರೋಗಿಗಳ ವಿಷಯ ಮಾತಾಡಿದ್ದಳು. ಮಗಳ ವಿಷಯ ಒಂದೇ ಸಲ ಬಂತು. ಇಳಿಸದಿದ್ದರೂ ಪರವಾಗಿಲ್ಲ, ಯೂನಿಫಾರ್ಮಿನಲ್ಲಿ ನೋಡಿದ ಹಾಗಾಗುತ್ತದೆ ಎಂದಳು. ನನ್ನ ಮಗಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಆ ಮಾತನ್ನು ನಾವಿಬ್ಬರೂ ನಂಬಲಿಲ್ಲ.

ಹಾಲ್ ತುಂಬಿತ್ತು. ಮೊದಲನೆಯ ಸೆಟ್ಟಿನಲ್ಲಿ ಹುಡುಗಿ ಬೆಂಚಿನ ತುದಿಯಲ್ಲಿ ಕೂತಿದ್ದಳು, ಮೊಣಕಾಲಿನ ಮೇಲೆ ಟವೆಲ್ ಹಾಸಿಕೊಂಡು. ಜನ ಚೆಂಡು ಹೋದ ಕಡೆ ತಲೆ ತಿರುಗಿಸುತ್ತಿದ್ದರೆ ಗೆಳತಿಯ ತಲೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಎರಡನೆಯ ಸೆಟ್ಟಿನ ನಡುವೆ ಕೋಚ್ ಬೆಂಚಿನ ಕಡೆ ತಿರುಗಿದರು. ಹುಡುಗಿ ಟವೆಲ್ಲನ್ನು ಮಡಿಸಿಟ್ಟು ಎದ್ದಳು. ಗೆಳತಿಯೂ ಎದ್ದಳು. ಹಿಂದಿನವರು ಕೂರಿ ಎಂದರು. ನಾನು ಅವಳ ಜಾಕೆಟ್ ಹಿಡಿದು ಕೂರಿಸಿದೆ.

ಇಲ್ಲಿಂದ ಮುಂದೆ ನನ್ನನ್ನು ನಂಬಬೇಡಿ. ಅವಳು ಮುಟ್ಟಿದ ಮೊದಲ ಚೆಂಡನ್ನೇ ಹಿಂದಕ್ಕೆ, ನೋಡದೆ, ಎತ್ತಿಕೊಟ್ಟಳು ಎಂದು ನನ್ನ ನೆನಪು. ನನ್ನ ಮಗಳು ಅದಲ್ಲ, ಮೊದಲು ಸರ್ವಿಸ್ ಮಾಡಿದ್ದು ಎನ್ನುತ್ತಾಳೆ. ಎಷ್ಟೋ ಹೊತ್ತು ಅವಳ ಹತ್ತಿರ ಚೆಂಡೇ ಬರಲಿಲ್ಲ ಎಂದು ಗೆಳತಿ. ವಿಡಿಯೋ ಇದೆ, ಮಗಳು ತೆಗೆದದ್ದು. ಅದರಲ್ಲಿ ಕಾಣುವುದು ನನ್ನ ಬೆನ್ನು; ನಾನು ಎದ್ದು ನಿಂತು "ಹಿಡೀಬೇಡ, ಹಿಡೀಬೇಡ" ಎಂದು ಕೂಗುವುದು ಚೆನ್ನಾಗಿ ಕೇಳುತ್ತದೆ. ಪಂದ್ಯ ಅದರ ಆಚೆ ಎಲ್ಲೋ ನಡೆಯುತ್ತಿದೆ. ಒಂದೇ ಒಂದು ವಿಷಯದಲ್ಲಿ ಮೂವರಿಗೂ ಒಮ್ಮತ: ಇಳಿದ ಮೇಲೆ ಕೋಚ್ ಅವಳನ್ನು ಹೊರಗೆ ಕರೆಯಲಿಲ್ಲ.

ಮೂರನೆಯ ಸೆಟ್ಟು ನಡೆಯುತ್ತಿದ್ದಾಗ ಗೆಳತಿಯ ಕಡೆ ತಿರುಗಿದೆ. ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಹೆದರಿದ್ದಾಳೆ, ಅಥವಾ ಅಳುತ್ತಿದ್ದಾಳೆ ಎಂದುಕೊಂಡೆ. ಎರಡೂ ಅಲ್ಲ. ಬಿಸಿಲಿಗೆ ಮುಖ ಒಡ್ಡಿಕೊಂಡವರ ಹಾಗಿದ್ದಳು.

"ಇಷ್ಟು ದೂರ ಬಂದು ಕಣ್ಣು ಮುಚ್ಕೊಂಡು ಕೂತಿದೀಯಲ್ಲ," ಎಂದೆ.

"ನೋಡಿದ್ದು ಬೇಕಾದಷ್ಟಿದೆ, ಸಿಸ್," ಎಂದಳು. "ಕೇಳಿದ್ದಿರಲಿಲ್ಲ. ಫೋನಿನಲ್ಲಿ ಬರೀ ಕಾಮೆಂಟ್ರಿ. ಅವತ್ತು ಟ್ರಾಯ್‌ನಲ್ಲಿ ನನ್ನ ಗಮನವೆಲ್ಲ ಮೊಣಕಾಲಿನ ಮೇಲೆ. ನಮ್ಮ ಮನೇಲಿ ಎಲ್ಲರಿಗಿಂತ ಮೆತ್ತಗೆ ಮಾತಾಡೋಳು ಅವಳು. ಇಲ್ಲಿ ಕೇಳು."

ನಾನೂ ಕಣ್ಣು ಮುಚ್ಚಿದೆ. ಮೊದಲು ಶೂಗಳು ನೆಲಕ್ಕೆ ಉಜ್ಜುವ ಕಿರುಚಲು, ಚೆಂಡಿನ ಸದ್ದು, ಜನ. ಆಮೇಲೆ ಅವೆಲ್ಲದರ ನಡುವಿನಿಂದ ಒಂದು ದನಿ ಬೇರೆಯಾಯಿತು. ಚೆಂಡು ಅವಳ ಕೈಗೆ ಬರುವ ಮುಂಚೆಯೇ ಕೂಗುತ್ತಿದ್ದಳು, ಕೊಟ್ಟ ಮೇಲೂ ಕೂಗುತ್ತಿದ್ದಳು. ಯಾರು ಎಲ್ಲಿ ನಿಲ್ಲಬೇಕು, ಯಾರು ಹಾರಬೇಕು, ಯಾರು ಬಿಡಬೇಕು ಎಂದು ಹೇಳುತ್ತಿದ್ದಳೋ ಏನೋ. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಅವಳಮ್ಮನಿಗೆ ಎಲ್ಲ ಅರ್ಥವಾಗುತ್ತಿತ್ತು. ಪಕ್ಕದಲ್ಲಿ ಅವಳು ಆಗಾಗ ಸಣ್ಣಗೆ ಹೂಂ ಎನ್ನುತ್ತಿದ್ದಳು, ತನಗೇ ಹೇಳಿದ ಹಾಗೆ.

ಸ್ಕೋರ್ ಎಷ್ಟಾಯಿತೆಂದು ನಾವು ನೋಡಲಿಲ್ಲ. ಹೀಗೆ ಎಷ್ಟು ಹೊತ್ತು ಕೂತಿದ್ದೆವೋ. ಬಹುಶಃ ಕೆಲವೇ ಪಾಯಿಂಟುಗಳಿರಬಹುದು. ಕಣ್ಣು ಬಿಟ್ಟಾಗ ಹುಡುಗಿ ಕೋರ್ಟಿನ ನಡುವೆ ಎರಡೂ ಕೈ ಮೇಲೆತ್ತಿ ನಿಂತಿದ್ದಳು, ಚೆಂಡು ಇನ್ನೂ ಬರಬೇಕಾಗಿತ್ತು.